ಕಾಂಗ್ರೆಸ್ ಗಿಡ ಕಿತ್ತ ಜಾಗದಲ್ಲಿ ಹುರುಳಿಕಾಯಿ ಏಳ್ತಿಲ್ಲ

ಮದ್ದೂರು_ಹಿತ್ತಲು: ಎರಡು ಸಲ ಬಿತ್ತನೆ ದಂಡ ಆಯ್ತು. ಹುರುಳಿಕಾಯಿ, ಸೌತೆ ಎರಡೂ ಏಳ್ತಿಲ್ಲ. ಆ ಜಾಗದಲ್ಲಿ ಮೊದಲು ಎದೆಮಟ್ಟ ಪಾರ್ಥೇನಿಯಂ ಇತ್ತು, ಕಿತ್ತು ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿದ್ದೆ. ಅದರ ವಿಷ ಅಂತ ಗೊತ್ತು, ತೆಗೆಯೋದು ಹೇಗೆ ಅಂತ ಮಾತ್ರ ಹೇಳಿ. ಬೀಜ ಒಳ್ಳೇದು, ನೀರು ಸರಿಯಾಗಿ ಬಿಡ್ತಿದ್ದೀನಿ.

ಸಸಿಮಡಿ: ವಿಷ ಅಂದ್ರೆ ಪಾರ್ಥೆನಿನ್. ಎಲೆಯ ಮೇಲಿನ ಸಣ್ಣ ರೋಮದಲ್ಲೇ ಹೆಚ್ಚು ಇರುತ್ತೆ. ಜೊತೆಗೆ ಕೆಫೀಕ್, ಫೆರುಲಿಕ್, ವೆನಿಲಿಕ್ ಥರದ ಫೀನಾಲಿಕ್ ಆಮ್ಲಗಳು. ಹಸಿ ಸೊಪ್ಪು ಸೇರಿಸಿದ ತಕ್ಷಣ ಬಿತ್ತಿದ್ರೆ ಮೊಳಕೆ ತಡವಾಗುತ್ತೆ, ಬೇರಿನ ತುದಿ ಕಂದು ತಿರುಗಿ ಮೊಟಕಾಗುತ್ತೆ. ಮೂರ್ನಾಲ್ಕು ವಾರ ಮಣ್ಣು ಹದವಾಗಿ ಒದ್ದೆ ಇಟ್ಟು ಸುಮ್ಮನೆ ಬಿಡಿ, ಸೂಕ್ಷ್ಮಜೀವಿಗಳೇ ಮುರಿದು ಹಾಕ್ತವೆ. ಕೀಳುವಾಗ ಹೂ ಇತ್ತಾ? ಒಂದು ಗಿಡದಲ್ಲೇ 15,000ಕ್ಕೂ ಹೆಚ್ಚು ಬೀಜ ಇರಬಹುದು.

ನಾಲೆಬಯಲು: ಸರ್, ಇದು ಚೌಳು. ನಾಲೆ ಕೊನೇ ಭಾಗದ ಬಯಲಲ್ಲಿ ಏನು ಹಾಕಿದ್ರೂ ಹೀಗೇ. ಮಣ್ಣು ಒಣಗಿದಾಗ ಮೇಲೆ ಬಿಳೀ ಪುಡಿ ಕಾಣ್ತದಾ ನೋಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಮಣ್ಣು ಕೊಟ್ಟು ಪಿಎಚ್ (ಹುಳಿ-ಕ್ಷಾರದ ಅಳತೆ), ಇ.ಸಿ. (ಉಪ್ಪಿನ ಅಳತೆ) ಮಾಡಿಸಿ.

ಸಸಿಮಡಿ: ಅವರು ಪಾರ್ಥೇನಿಯಂ ಅಂತ ಹೇಳ್ತಾ ಇದ್ದಾರೆ, ನೀವು ಎಲ್ಲಕ್ಕೂ ಚೌಳು.

ನಾಲೆಬಯಲು: ಕಾಂಗ್ರೆಸ್ ಗಿಡ ಈ ಕಡೆ ಪ್ರತಿ ಬದುವಿನಲ್ಲೂ ಇದೆ. ಅದೇ ಬದು ಪಕ್ಕ ಅವರೆ, ಅಲಸಂದೆ ಬರ್ತಾ ಇಲ್ವಾ?

ಕೆಮ್ಮಣ್ಣು: ಜಪಾನಿನ ನಾಟ್‌ವೀಡ್ ಅನ್ನೋ ಕಳೆ ಮೇಲೂ ಯುರೋಪಿನಲ್ಲಿ ಇದೇ ಜಗಳ. ಅದರ ಬೇರಿನಲ್ಲಿ ರೆಸ್ವೆರಾಟ್ರಾಲ್, ಎಮೋಡಿನ್ ಅನ್ನೋ ರಾಸಾಯನಿಕ ಸಿಗ್ತವೆ. ಗಾಜಿನ ತಟ್ಟೆಯಲ್ಲಿ ಕಷಾಯ ಹಾಕಿದ್ರೆ ಬೇರೆ ಬೀಜ ಮೊಳೆಯಲ್ಲ. ಹೊಲದಲ್ಲಿ ಮಾತ್ರ ಅದರ ದಟ್ಟ ನೆರಳು ಎಷ್ಟು ಕೊಲ್ಲುತ್ತೆ, ರಾಸಾಯನಿಕ ಎಷ್ಟು ಅಂತ ಬಿಡಿಸೋದು ಕಷ್ಟ. ಹಾಗಾಗಿ ತಟ್ಟೆಯ ಫಲಿತಾಂಶ ಹಿಡಿದು ಮಣ್ಣಿನ ತೀರ್ಪು ಕೊಡಬೇಡಿ.

ಮದ್ದೂರಿನವರೇ, "ಏಳ್ತಿಲ್ಲ" ಅಂದ್ರೆ ಏನು? ಬೀಜ ಕೊಳೆಯಿತಾ, ಮೊಳಕೆ ಮೇಲೆ ಬರಲೇ ಇಲ್ವಾ, ಬಂದು ಸತ್ತಿತಾ? ಮೂರಕ್ಕೂ ಕಾರಣ ಬೇರೆ.

ತಾರಸಿ_ಮೈಸೂರು: ಪಾರ್ಥೇನಿಯಂ ತಿನ್ನೋ ಮೆಕ್ಸಿಕನ್ ದುಂಬಿ ಬಿಡಿ, ಸಮಸ್ಯೆನೇ ಇರಲ್ಲ. 1984ರಲ್ಲೇ ಬೆಂಗಳೂರಲ್ಲಿ ಬಿಟ್ಟಿದ್ದು. ನಮ್ಮಲ್ಲಿ 98 ಗುಳಿಯ ಪ್ರೊಟ್ರೇ (ಸಸಿ ಬೆಳೆಸೋ ತಟ್ಟೆ), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೆ ಅರ್ಧ ನೆರಳಿನ ಹಸಿರು ಬಲೆ, ಮಂಜು ಸಿಂಪಡಿಸೋ ನಾಜಲ್ ಟೈಮರ್‌ಗೆ. ಒಂದು ಬೀಜ ಕೆಡಲ್ಲ.

ಸಸಿಮಡಿ: ದುಂಬಿ ಮಳೆಗಾಲದಲ್ಲಿ ಎಲೆ ತಿನ್ನುತ್ತೆ, ಬೇಸಿಗೆಗೆ ಮಣ್ಣೊಳಗೆ ಹೋಗಿ ಮಲಗುತ್ತೆ. ಕಿತ್ತು ಹಾಕಿದ ಗಿಡಕ್ಕೆ ದುಂಬಿ ಏನು ಮಾಡುತ್ತೆ ಸ್ವಾಮಿ?

ಮದ್ದೂರು_ಹಿತ್ತಲು: ಮೊಳಕೆ ಚೆನ್ನಾಗೇ ಬರುತ್ತೆ. ಬೀಜದೆಲೆ ಬಿಚ್ಚುತ್ತೆ, ಆಮೇಲೆ ಎಲೆ ಅಂಚು ಹಳದಿ ಆಗಿ ಸುಟ್ಟ ಹಾಗೆ ಒಣಗಿ ಸಾಯುತ್ತೆ. ಬುಡ ಕೊಳೆತಿಲ್ಲ. ಮಡಿ ಅಂಚಿಗೆ ಹಾಕಿದ ಮುಸುಕಿನ ಜೋಳ ಮಾತ್ರ ಕಪ್ಪು ಹಸಿರಾಗಿದೆ, ಅದು ಗಟ್ಟಿ ಬೆಳೆ ಅಲ್ವಾ.

ಕೆಮ್ಮಣ್ಣು: ಜೋಳದ ವಿಷಯ ಮೊದಲೇ ಹೇಳಬೇಕಿತ್ತು ಅಣ್ಣ. ಮಡಿಗೆ ಹೊರಗಿನ ಮಣ್ಣು ಹಾಕಿದ್ರಾ? ಎಲ್ಲಿಂದ?

ಮದ್ದೂರು_ಹಿತ್ತಲು: ಪಕ್ಕದ ಕಬ್ಬಿನ ಗದ್ದೆಯ ಮೇಲ್ಮಣ್ಣು ಕೆರೆದು ನಾಲ್ಕು ಬೆರಳು ಹಾಕಿದೆ. ಹೊಸ ನಾಟಿ ಗದ್ದೆ, ಕಳೆ ಒಂದೂ ಇರಲಿಲ್ಲ. ಇದಕ್ಕೂ ಪಾರ್ಥೇನಿಯಂಗೂ ಏನು ಸಂಬಂಧ?

ಕೆಮ್ಮಣ್ಣು: ಕಳೆ ಯಾಕಿರಲಿಲ್ಲ ಅನ್ನೋದೇ ಉತ್ತರ. ಕಬ್ಬು ನಾಟಿ ಆದ ಎರಡು ಮೂರು ದಿನಕ್ಕೆ ಒದ್ದೆ ಮಣ್ಣಿನ ಮೇಲೆ ಅಟ್ರಜಿನ್ ಅನ್ನೋ ಕಳೆನಾಶಕ ಹೊಡೀತಾರೆ. ಅದು ಮೇಲಿನ ಪದರದಲ್ಲೇ ಕೂತಿರುತ್ತೆ, ನೀವು ಕೆರೆದದ್ದು ಅದನ್ನೇ.

ಅಟ್ರಜಿನ್ ಮೊಳಕೆ ತಡೆಯಲ್ಲ. ಬೇರಿನಿಂದ ಏರಿ ಎಲೆಯಲ್ಲಿ ಆಹಾರ ತಯಾರಾಗೋದನ್ನ ನಿಲ್ಲಿಸುತ್ತೆ. ಬೀಜದೆಲೆಯ ದಾಸ್ತಾನು ಇರೋವರೆಗೆ ಸಸಿ ಚೆನ್ನಾಗಿ ಕಾಣುತ್ತೆ, ಮುಗಿದ ಮೇಲೆ ಹಳೇ ಎಲೆಯ ಅಂಚಿನಿಂದ ಹಳದಿ. ಜೋಳ, ಕಬ್ಬು ಎರಡೂ ಅದನ್ನ ಒಳಗೇ ಮುರಿದು ಹಾಕ್ತವೆ. ಚೌಳಾಗಿದ್ರೆ ಹುರುಳಿಕಾಯಿ ಮೊದಲು ಸೋಲಬೇಕು, ಸೌತೆ ಅದಕ್ಕಿಂತ ಹೆಚ್ಚು ಉಪ್ಪು ತಡೆಯುತ್ತೆ. ಇಲ್ಲಿ ಎರಡೂ ಒಂದೇ ಥರ ಹೋಗಿವೆ.

ಸಸಿಮಡಿ: ಎಷ್ಟು ಬೇಗ ತೀರ್ಮಾನ! ಇದ್ದಿಲು ಬೆರೆಸಿ ನೋಡಲಿ. ಸಸಿ ಉಳಿದ್ರೆ ಪಾರ್ಥೆನಿನ್ ಅಂತ ಸಾಬೀತು.

ಕೆಮ್ಮಣ್ಣು: ಆಗಲ್ಲ. ಸಕ್ರಿಯ ಇದ್ದಿಲು ಪಾರ್ಥೆನಿನ್ನನ್ನೂ ಹಿಡಿಯುತ್ತೆ, ಅಟ್ರಜಿನ್ನನ್ನೂ ಹಿಡಿಯುತ್ತೆ. ಸಾಲದ್ದಕ್ಕೆ ಮಣ್ಣಿನ ಪೋಷಕಾಂಶದ ಲೆಕ್ಕವನ್ನೂ ಏರುಪೇರು ಮಾಡುತ್ತೆ. ಅದೊಂದರಿಂದ ಎರಡನ್ನೂ ಬೇರ್ಪಡಿಸೋಕೆ ಬರಲ್ಲ. ಹೀಗೆ ಮಾಡಿ:

ತಳಕ್ಕೆ ತೂತು ಹೊಡೆದ ನಾಲ್ಕು ಡಬ್ಬ, ಒಂದೊಂದಕ್ಕೆ ಒಂದು ಕೆ.ಜಿ. ಮಣ್ಣು. ಒಂದನೇದಕ್ಕೆ ಮಡಿಯ ಮಣ್ಣು. ಎರಡನೇದಕ್ಕೆ ಕಬ್ಬೂ ಪಾರ್ಥೇನಿಯಮ್ಮೂ ಇಲ್ಲದ ಕಡೆಯ ಮಣ್ಣು. ಮೂರನೇದಕ್ಕೆ ಅದೇ ಒಳ್ಳೆ ಮಣ್ಣು, ಜೊತೆಗೆ 20 ಗ್ರಾಂ ಹಸಿ ಪಾರ್ಥೇನಿಯಂ ಎಲೆ ಸಣ್ಣಗೆ ಕೊಚ್ಚಿ. ನಾಲ್ಕನೇದಕ್ಕೆ ಮಡಿಯ ಮಣ್ಣು, 10 ಗ್ರಾಂ ಸಕ್ರಿಯ ಇದ್ದಿಲಿನ ಪುಡಿ. ಒಲೆ ಇದ್ದಿಲು ಅಷ್ಟು ಹೀರಲ್ಲ, ಅದು ಬೇಡ. ಎಲ್ಲಕ್ಕೂ ಐದು ಸೌತೆ, ಐದು ಜೋಳ. ಒಂದೇ ಬಿಸಿಲು, ಒಂದೇ ಅಳತೆ ನೀರು. ನೆರಳಲ್ಲಿ ಇಟ್ರೆ ಅಟ್ರಜಿನ್ ಲಕ್ಷಣ ತಡವಾಗುತ್ತೆ. ಮೂರು ವಾರ ಕಾಯಿರಿ. ಎಲೆ ಕೊಚ್ಚುವಾಗ ಗ್ಲೌಸ್ ಹಾಕಿ, ಕಡಿತ ಶುರುವಾದ್ರೆ ಸುಲಭಕ್ಕೆ ಬಿಡಲ್ಲ.

ನಾಲೆಬಯಲು: ಇ.ಸಿ. ಮಾತ್ರ ಮಾಡಿಸಿ ಅಂತ ಈಗಲೂ ಹೇಳ್ತೀನಿ.

ಕೆಮ್ಮಣ್ಣು: ಮಾಡಿಸಲಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಕಳೆನಾಶಕ ಕಾಣಲ್ಲ ಅನ್ನೋದು ನೆನಪಿರಲಿ. ಪಿಎಚ್ ಏಳೂವರೆ ದಾಟಿದ್ರೆ ಅಟ್ರಜಿನ್ ಹೆಚ್ಚು ದಿನ ಉಳಿಯುತ್ತೆ, ಅಷ್ಟಕ್ಕೆ ಆ ರಿಪೋರ್ಟ್ ಉಪಯೋಗ.

ಮದ್ದೂರು_ಹಿತ್ತಲು: ಡಬ್ಬದ ಫೋಟೋ ಹಾಕಿದ್ದೀನಿ. ಒಂದರಲ್ಲಿ ಸೌತೆ ಅಂಚು ಹಳದಿ, ಜೋಳ ಚೆನ್ನಾಗಿದೆ. ಎರಡು ಸರಿಯಿದೆ. ಮೂರರಲ್ಲಿ ಎರಡೂ ತಡವಾಗಿ ಹುಟ್ಟಿ ಗಿಡ್ಡ, ಆದ್ರೆ ಹಸಿರು. ನಾಲ್ಕರಲ್ಲಿ ಸೌತೆ ಉಳಿದಿದೆ.

ಸಸಿಮಡಿ: ಮೂರರಲ್ಲಿ ಗಿಡ್ಡ ಆಗಿದೆಯಲ್ಲ, ನಾನು ಹೇಳಿದ್ದು ಅದೇ.

ಕೆಮ್ಮಣ್ಣು: ಹೌದು, ಪಾರ್ಥೇನಿಯಂ ಗಿಡ್ಡ ಮಾಡ್ತು. ಮಡಿಯಲ್ಲಿ ಕೊಂದದ್ದು ಅದಲ್ಲ, ಒಂದನೇ ಡಬ್ಬದಲ್ಲಿ ಸೌತೆ ಅಂಚು ಹಳದಿಯಾಗಿ ಜೋಳ ಉಳಿದದ್ದು ಅಟ್ರಜಿನ್ ಲಕ್ಷಣ. ಹಾಕಿದ ನಾಲ್ಕು ಬೆರಳಿನ ಮೇಲೆ ಇನ್ನೆರಡು ಬೆರಳು ಸೇರಿಸಿ ಕೆರೆದು ತೆಗೀರಿ, ಅದನ್ನ ಜೋಳ ಹಾಕೋ ಜಾಗಕ್ಕೆ ಹರಡಿ. ಮಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಒದ್ದೆ ಇಡಿ. ಮತ್ತೆ ಬಿತ್ತೋ ಮೊದಲು ಡಬ್ಬದಲ್ಲಿ ಸೌತೆ ಹಾಕಿ ನೋಡಿ.

ಮದ್ದೂರು_ಹಿತ್ತಲು: ಅಲ್ಲೀತನಕ ಟೊಮೆಟೊ ಸಸಿ ಇಡಬಹುದಾ?

ಕೆಮ್ಮಣ್ಣು: ಬೇಡ, ಟೊಮೆಟೊನೂ ತಡೆಯಲ್ಲ. ಹಸುಗೆ ಮೇವಿನ ಜೋಳ ಹಾಕಿ.

ತಾರಸಿ_ಮೈಸೂರು: ಪ್ರೊಟ್ರೇ ಬೇಕಿದ್ರೆ ಹೇಳಿ.