ಊರಿನ ಮನೆ ಕ್ಯಾಮೆರಾ ಬೆಂಗಳೂರಿನಿಂದ ಕಾಣ್ತಿಲ್ಲ, ಏನು ಮಾಡಲಿ?

ತೋಟದಮನೆ:
ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಗಳದಲ್ಲಿ ಅಡಿಕೆ ಹರವಿರುತ್ತದೆ ಅಂತ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ) ಹಾಕಿಸಿದೆ. ಮನೆ ವೈಫೈಯಲ್ಲಿ ಚೆನ್ನಾಗಿ ಕಾಣುತ್ತದೆ, ಬೆಂಗಳೂರಿಗೆ ಬಂದರೆ ಏನೂ ಇಲ್ಲ. ಹೊರಗಿನಿಂದ ಡಿವಿಆರಿಗೆ ದಾರಿ ಬಿಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಐಪಿ ವಿಳಾಸ ಬದಲಾದರೂ ಒಂದೇ ಹೆಸರಿನಲ್ಲಿ ಸಿಗಲಿ ಅಂತ ಡಿಡಿಎನ್ಎಸ್ ಹಾಕಿದೆ, ಎರಡು ಭಾನುವಾರ ಸುಮ್ನೆ ಹೋಯಿತು. ಇಂಟರ್ನೆಟ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಷ್ಟೇ ಹೇಳುತ್ತಾರೆ.

ಹಳೇರೂಟರ್:
ರೂಟರ್ ಪೇಜಿನಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಸಿಜಿನ್ಯಾಟ್. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನಿಂದ ಬಂದದ್ದು ಅವರ ಬಾಗಿಲಲ್ಲೇ ನಿಲ್ಲುತ್ತದೆ, ನಿಮ್ಮ ರೂಟರಿಗೆ ತಲುಪುವುದೇ ಇಲ್ಲ, ಇನ್ನು ನೀವು ಪೋರ್ಟ್ ತೆರೆದು ಏನು ಪ್ರಯೋಜನ? ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಸೇರಿದ, ಬದಲಾಗದ ಪಬ್ಲಿಕ್ ಐಪಿ) ಕೊಡುತ್ತಾರಾ ಕೇಳಿ, ಅದಕ್ಕೆ ಬೇರೆ ದುಡ್ಡು. ಇಲ್ಲವಾದರೆ ಡಿವಿಆರ್ ಮೆನುವಿನಲ್ಲಿ ಪಿಟುಪಿ (ಡಿವಿಆರ್ ಕಂಪನಿಯ ಸರ್ವರ್ ಮೂಲಕ ಫೋನಿಗೆ ಸೇರಿಸುವ ವ್ಯವಸ್ಥೆ) ಆನ್ ಮಾಡಿ, ಅವರ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ, ಮುಗೀತು.

ಶಿರಸಿಯವ:
ಪಿಟುಪಿ ಸುಲಭ, ಆದರೆ ಬೇರೆಯವರ ಸರ್ವರ್ ನಂಬಬೇಕು ಅಲ್ವಾ? ನಾನು ಹಳೇ ರಾಸ್ಪ್‌ಬೆರಿ ಪೈಗೆ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಹಾಕಿ ಸಬ್‌ನೆಟ್ ರೂಟರ್ ಮಾಡಿದ್ದೇನೆ, ಅಂದರೆ ಮನೆಯ ನೆಟ್‌ವರ್ಕಿಗೆಲ್ಲ ಅದೇ ಬಾಗಿಲು. ಅದು ಒಳಗಿನಿಂದಲೇ ಹೊರಗೆ ಸಂಪರ್ಕ ಮಾಡುತ್ತದೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಮೊಬೈಲಿನಲ್ಲಿ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ವಿಡಿಯೋ) ನೋಡಿ, ಡೇಟಾ ಜಾಸ್ತಿ ತಿನ್ನಲ್ಲ. ಯಾವುದೇ ಮಾಡಿ, ಡಿವಿಆರ್ ಪಾಸ್‌ವರ್ಡ್ ಮೊದಲು ಬದಲಿಸಿ.

ತೋಟದಮನೆ:
100.72 ಅಂತಿದೆ! ಅಪ್ಪನಿಗೆ ಫೋನಿನಲ್ಲೇ ಹೇಳಿಕೊಟ್ಟು ಪಿಟುಪಿ ಆನ್ ಮಾಡಿಸಿದೆ. ಅಂಗಳ ಕಾಣುತ್ತಿದೆ. ಎರಡನೇ ಕ್ಯಾಮೆರಾದಲ್ಲಿ ಮಾತ್ರ ಜೇಡರ ಬಲೆ.