ವಿಮಾನದ ‘ಸೈಕಲ್’ಗೆ ‘ಹಾರಿಳಿತ’ ಎಂದರೆ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ವಾರದಿಂದ ನನ್ನನ್ನು ಕಾಡುತ್ತಿದೆ. ಉತ್ತರ ಕರ್ನಾಟಕದ ವ್ಯಾಪಾರಸ್ಥ ಕುಟುಂಬವೊಂದು ಅಮೆರಿಕದಿಂದ ಸೆಕೆಂಡ್ ಹ್ಯಾಂಡ್ ಕಿರುಜೆಟ್ ಒಂದನ್ನು ಕೊಳ್ಳುತ್ತಿದೆ. 2008ರಲ್ಲಿ ತಯಾರಾದ ಸೆಸ್ನಾ ಸೈಟೇಷನ್ ಸಿಜೆ2 ಪ್ಲಸ್. ಮನೆಯ ಹಿರಿಯರು ಕನ್ನಡದಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಹಾಗಾಗಿ ಕ್ರಯದ ಕರಾರು, ತಪಾಸಣೆ ವರದಿ ಎರಡನ್ನೂ ಅನುವಾದಿಸುವ ಕೆಲಸ ನನ್ನ ಪಾಲಿಗೆ ಬಂತು.

ಬಹಳಷ್ಟು ಪದಗಳು ತಾವಾಗಿಯೇ ಒದಗಿದವು. ವಿಮಾನದ ಮೇಲೆ ಯಾರದಾದರೂ ಸಾಲವಿದೆಯೇ ಎಂದು ಒಕ್ಲಹೋಮ ನಗರದಲ್ಲಿರುವ ಅಮೆರಿಕದ ವಿಮಾನ ನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು. ಅದಕ್ಕೆ ನಮ್ಮ ಜಮೀನಿನ ಕಾಗದಗಳ ‘ಋಣಭಾರ’ ಹೇಳಿ ಮಾಡಿಸಿದ ಹಾಗಿದೆ. ‘ಪ್ರೀ-ಓನ್ಡ್’ ಎಂಬುದು ಮಾರುವವರ ನಯದ ಮಾತು. ನಾನು ‘ಬಳಸಿದ ವಿಮಾನ’ ಎಂದೇ ಬರೆದೆ.

ತೊಡಕಿರುವುದು ‘ಸೈಕಲ್’ನಲ್ಲಿ. ವಿಮಾನ 3,410 ಗಂಟೆ ಹಾರಿದೆ, 2,980 ಸೈಕಲ್ ಪೂರೈಸಿದೆ ಎನ್ನುತ್ತದೆ ವರದಿ. ಒಮ್ಮೆ ಮೇಲೇರಿ ಇಳಿದರೆ ಒಂದು ಸೈಕಲ್. ಪದವನ್ನು ಹಾಗೇ ಉಳಿಸಿಕೊಂಡರೆ ಓದುವವರ ಕಣ್ಣಿಗೆ ಎರಡು ಗಾಲಿಯ ಸೈಕಲ್ಲೇ ಬರುತ್ತದೆ. ಮೊದಲ ಕರಡಿನಲ್ಲಿ ‘ಚಕ್ರ’ ಎಂದು ಬರೆದಿದ್ದೆ. ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟು, ‘ಇಷ್ಟು ಚಕ್ರ ಬದಲಾಯಿಸಿದ್ದಾರೆಯೇ?’ ಎಂದು ಕೇಳಿದರು. ಅವರದೇನೂ ತಪ್ಪಿಲ್ಲ, ಮುಂದಿನ ಸಾಲೇ ಟೈರು, ಬ್ರೇಕುಗಳ ಕುರಿತು ಇತ್ತು.

ಇದು ಹೇಗೋ ಒಂದು ಪದ ಹಾಕಿ ಮುಗಿಸುವ ಸಂಗತಿಯಲ್ಲ. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯೊತ್ತಡಕ್ಕೆ ವಿಮಾನದ ಒಡಲು ತುಸು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಲೋಹ ದಣಿಯುವುದು ಹೀಗೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಮೇಲ್ಭಾಗ ಆಕಾಶದಲ್ಲೇ ಕಿತ್ತುಹೋಯಿತು. ಅದು ಹಾರಿದ್ದು ಸುಮಾರು 35,500 ಗಂಟೆ. ಏರಿ ಇಳಿದದ್ದು 89,680 ಸಲ. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಜೊತೆಗೆ ಕಡಲ ಗಾಳಿಯ ತುಕ್ಕು. ಗಂಟೆಗಳನ್ನಷ್ಟೇ ಎಣಿಸಿದವರಿಗೆ ಆ ದಣಿವು ಕಾಣುವುದಿಲ್ಲ.

‘ಏರಿಳಿತ’ ಅರ್ಥಕ್ಕೆ ಸರಿಯಾಗಿದೆ, ಆದರೆ ಇದೇ ಕರಾರಿನಲ್ಲಿ ಡಾಲರ್ ದರದ ಏರಿಳಿತದ ಷರತ್ತೂ ಇದೆ. ಬರೀ ‘ಹಾರಾಟ’ ಎಂದರೆ ‘ಹಾರಾಟದ ಗಂಟೆ’ಯೊಂದಿಗೆ ಬೆರೆತುಹೋಗುತ್ತದೆ. ‘ಆವರ್ತ’ ಭೌತಶಾಸ್ತ್ರದ ಪಠ್ಯಕ್ಕೆ ಒಪ್ಪೀತು, ಈ ಹಿರಿಯರಿಗೆ ಏನನ್ನೂ ಹೇಳದು. ಲಾರಿ ಇಟ್ಟುಕೊಂಡಿದ್ದ ಅವರೇ ‘ಟ್ರಿಪ್’ ಎಂದು ಬರೆಯಿರಿ ಎಂದರು. ಲಾರಿಯವರಿಗೆ ಹೋಗಿ ಬಂದರೆ ಒಂದು ಟ್ರಿಪ್. ವಿಮಾನಕ್ಕೆ ಅದು ಎರಡು ಸೈಕಲ್. ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ ‘ಏರಿಳಿತ’ದ ಜಾಡಿನಲ್ಲೇ ‘ಹಾರಿಳಿತ’ ಎಂದು ಕಟ್ಟಿದೆ. ‘2,980 ಹಾರಿಳಿತ ಪೂರೈಸಿದೆ’ ಎಂದು ಓದಿದಾಗ ಹಿರಿಯರು ಅರ್ಥ ಕೇಳಲಿಲ್ಲ. ನನಗೆ ಅಷ್ಟು ಸಾಕಿತ್ತು. ಆದರೆ ವರದಿಯ ಎಂಜಿನ್ ಭಾಗದಲ್ಲೂ ಸೈಕಲ್ ಬರುತ್ತದೆ: ಎಂಜಿನ್ ಚಾಲೂ ಆಗಿ, ವಿಮಾನವನ್ನು ಹಾರಿಸಿ, ಮತ್ತೆ ಆರುವವರೆಗಿನ ಒಂದು ಸರದಿ. ಎಂಜಿನ್ ಕಾದು ತಣಿಯುವ ಈ ಲೆಕ್ಕಕ್ಕೆ ‘ಹಾರಿಳಿತ’ ಒಗ್ಗುವುದಿಲ್ಲ. ಅಲ್ಲಿಗೆ ಬೇರೆ ಪದ ಬೇಕೇ, ಅಥವಾ ‘ಸರದಿ’ಯನ್ನೇ ಎರಡೂ ಕಡೆ ಬಳಸಬಹುದೇ? ಪಂಪ್‌ಸೆಟ್, ಟ್ರ್ಯಾಕ್ಟರ್ ರಿಪೇರಿ ಮಾಡುವವರ ಬಾಯಲ್ಲಿ ಇಂಥ ಎಣಿಕೆಗೆ ಪದವೇನಾದರೂ ಇದ್ದರೆ, ಯಾವ ಊರಿನ ಕಡೆಯದು ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.