ಸೀಲು ಇದ್ದರೆ ಸರ್ಕಾರವೇ?

"ಇರಾಕ್‌ನ ಮೊಸುಲ್ ಹಿಡಿದಿದ್ದಾಗ ಐಸಿಸ್ ಉಗ್ರರು ಬರ್ತ್ ಸರ್ಟಿಫಿಕೇಟ್ ಕೊಡ್ತಿದ್ದರಂತೆ ಕಣ್ರೋ" ಅಂತ ರಘು ಶುರು ಮಾಡಿದ. "ಅವರದೇ ಸೀಲು. ಗಾಡಿಗೆ ಅವರದೇ ನಂಬರ್ ಪ್ಲೇಟು. ಚಿನ್ನದ ನಾಣ್ಯ ತರ್ತೀವಿ ಅಂತ 2014ರಲ್ಲಿ ಘೋಷಣೆ ಬೇರೆ. ದೇಶ ಅನ್ನೋಕೆ ಇನ್ನೇನು ಬೇಕು?"

ರಘು ಪ್ರಕಾರ ಸೀಲು ಇದ್ದವನೇ ಸರ್ಕಾರ. ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದವನ ತತ್ವ ಅದು.

"ಆ ಸರ್ಟಿಫಿಕೇಟನ್ನ ಆಮೇಲೆ ಇರಾಕ್ ಒಪ್ಪಲಿಲ್ಲ" ಎಂದಳು ಸುಮಾ. "ಪಾಪ, ಆ ಮಕ್ಕಳು ಶಾಲೆಗೆ ಸೇರೋಕೂ ಪರದಾಡಿದರು."

ಸುಮಾ ಲಾ ಓದಿದವಳು. ಅದನ್ನು ನಾವು ಮರೆಯದ ಹಾಗೆ ನೋಡಿಕೊಳ್ಳುತ್ತಾಳೆ. "1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ನಾಲ್ಕು ಬೇಕು. ಕಾಯಂ ಆಗಿ ಇರೋ ಜನ, ಇಷ್ಟು ಅಂತ ತೋರಿಸೋಕಾಗೋ ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸೋ ಶಕ್ತಿ."

"ಮೂರು ಇದ್ದವಲ್ಲ! ಪಾಸ್!"

"ನೆಲ ಎಲ್ಲಿತ್ತೋ? ಗಡಿನೇ ಒಪ್ಪಲ್ಲ ಅಂತ ಇರಾಕ್–ಸಿರಿಯಾ ನಡುವಿನ ಮಣ್ಣಿನ ದಿಬ್ಬವನ್ನ ಬುಲ್ಡೋಜರ್‌ನಲ್ಲಿ ಕೆಡವಿ, ವಿಡಿಯೋ ಮಾಡಿ ಹಾಕಿದವರು ಅವರು. ಲೋಕವೆಲ್ಲ ನಮ್ಮದೇ ಅನ್ನೋನ ಜೊತೆ ಯಾವ ದೇಶ ವ್ಯವಹರಿಸುತ್ತೆ?"

ಇಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದ ಕಿಟ್ಟಿ ಕೇಳಿದ: "ಮೊಸುಲ್‌ನ ನೌಕರರಿಗೆ ಸಂಬಳ ಯಾರು ಕೊಡ್ತಿದ್ದರು?"

ಬಾಗ್ದಾದ್! ಊರು ಕೈತಪ್ಪಿದ ಮೇಲೂ 2015ರವರೆಗೆ ಇರಾಕ್ ಸರ್ಕಾರ ಅಲ್ಲಿನ ನೌಕರರಿಗೆ ಸಂಬಳ ಕಳಿಸುತ್ತಿತ್ತು. ಐಸಿಸ್ ಅದರಲ್ಲೂ ಪಾಲು ಕೀಳುತ್ತಿತ್ತು. ಶ್ರೀಲಂಕಾದ ಕಥೆಯೂ ಅದೇ. ಕಿಲಿನೊಚ್ಚಿಯಲ್ಲಿ ಬಂಡುಕೋರ ಎಲ್‌ಟಿಟಿಇಗೆ ತನ್ನದೇ ಪೊಲೀಸು, ಕೋರ್ಟು, ಬ್ಯಾಂಕು ಎಲ್ಲ ಇದ್ದವು. ಮೇಷ್ಟ್ರ ಸಂಬಳ ಮಾತ್ರ ಕೊಲಂಬೊದಿಂದ. ಸರ್ಕಾರ ಸಂಬಳ ನಿಲ್ಲಿಸಿದರೆ ಆ ಊರು ನಮ್ಮದಲ್ಲ ಅಂತ ತಾವೇ ಬರೆದುಕೊಟ್ಟಂತೆ, ಅಲ್ವಾ?

"ಖರ್ಚು ಶತ್ರುವಿಂದು, ತೆರಿಗೆ ನಮ್ಮದು. ಇಂಥ ಸರ್ಕಾರ ನಂಗೂ ಒಂದು ಬೇಕು" ಎಂದ ರಘು.

"ಹಾಗಾದ್ರೆ ಹೊಸ ದೇಶ ಮಾಡೋ ತಪ್ಪು ಮಾತ್ರ ಮಾಡ್ಬೇಡ" ಎಂದ ಕಿಟ್ಟಿ. "ಆಫ್ರಿಕಾದ ಸೋಮಾಲಿಲ್ಯಾಂಡ್ ನೋಡು. 1991ರಲ್ಲೇ ಸೋಮಾಲಿಯಾದಿಂದ ಬೇರೆಯಾಯ್ತು. ಸ್ವಂತ ದುಡ್ಡು, ಪಾಸ್‌ಪೋರ್ಟು. ಚುನಾವಣೇಲಿ ಸೋತ ಅಧ್ಯಕ್ಷ ಸುಮ್ನೆ ಕುರ್ಚಿ ಬಿಟ್ಟು ಹೋಗ್ತಾನೆ! ಆದ್ರೂ ಮೂವತ್ತು ವರ್ಷ ದಾಟಿದರೂ ವಿಶ್ವಸಂಸ್ಥೆಯ ಒಂದು ಸದಸ್ಯ ದೇಶವೂ ತಿರುಗಿ ನೋಡಿರಲಿಲ್ಲ. ಮೊದಲು ಇಸ್ರೇಲ್ ಒಪ್ಪೋಕೇ 2025ರ ಡಿಸೆಂಬರ್ ಆಯ್ತು. ಈ ಕಡೆ ಸಿರಿಯಾದ ಬಂಡುಕೋರ ನಾಯಕ ಅಲ್-ಶರಾ. ಇದ್ಲಿಬ್ ಮೂಲೇಲಿ ಮಂತ್ರಿಗಳನ್ನ ಇಟ್ಟುಕೊಂಡು ಕೂತಾಗ ತಲೆ ಮೇಲೆ ಅಮೆರಿಕದ 1 ಕೋಟಿ ಡಾಲರ್ ಬಹುಮಾನ. 2024ರ ಡಿಸೆಂಬರ್‌ನಲ್ಲಿ ಡಮಾಸ್ಕಸ್ ಹಿಡಿದ, ಅದೇ ತಿಂಗಳು ಬಹುಮಾನ ರದ್ದು. ಮುಂದಿನ ಸೆಪ್ಟೆಂಬರ್‌ಗೆ ಸೂಟು ಹಾಕ್ಕೊಂಡು ವಿಶ್ವಸಂಸ್ಥೇಲಿ ಭಾಷಣ!"

"ಅಲ್ಲಿ ಹೊಸ ದೇಶ ಹುಟ್ಟಲಿಲ್ಲ ಕಣೋ" ಸುಮಾ ತಡೆದಳು. "ದೇಶ ಹಳೇದೇ, ಸರ್ಕಾರ ಬದಲಾಯ್ತು. ಎರಡನ್ನೂ ಕಲಸಬೇಡ."

"ನಾನು ಹೇಳ್ತಿರೋದೂ ಅದೇ. ಮೂಲೆ ಹಿಡಿದರೆ ಉಗ್ರ, ರಾಜಧಾನಿ ಹಿಡಿದರೆ ಘನತೆವೆತ್ತ."

ಸುಮಾಗೆ ಇದು ಹಿಡಿಸಲಿಲ್ಲ. ನನಗೂ ಪೂರ್ತಿ ಹಿಡಿಸಲಿಲ್ಲ. ಆದರೆ ಎದುರು ಉದಾಹರಣೆ ಹುಡುಕಲು ಹೋದರೆ ಆಗ ಬಾಯಿ ಕಟ್ಟಿತು.

"ಅಡ್ಡದಾರಿ ಬೇಡ, ನೇರವಾಗಿ ಅರ್ಜಿ ಹಾಕಿದ್ರೆ?" ಎಂದ ರಘು.

"ಹಾಕು" ಎಂದಳು ಸುಮಾ. "ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 15 ಜನರಲ್ಲಿ 9 ಜನ ಒಪ್ಪಬೇಕು. ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವೀಟೊ ಹಾಕಬಾರದು. ಆಮೇಲೆ ಮಹಾಸಭೇಲಿ ಮೂರರಲ್ಲಿ ಎರಡು ಪಾಲು ವೋಟು."

"ಅದಕ್ಕಿಂತ ರಾಜಧಾನಿ ಹಿಡಿಯೋದೇ ಸಲೀಸು. ಕುರ್ಚಿ ಮೊದಲೇ ಹಾಕಿರುತ್ತೆ" ಎಂದ ಕಿಟ್ಟಿ.

"ತಾಲಿಬಾನ್‌ಗೆ ಸಿಕ್ಕಿತಾ?" ಎಂದಳು ಸುಮಾ. "2021ರಲ್ಲಿ ಕಾಬೂಲ್ ಹಿಡಿದರು. ರಷ್ಯಾ ಒಪ್ಪೋಕೇ 2025 ಆಯ್ತು. ಆಗಲೂ ವಿಶ್ವಸಂಸ್ಥೇಲಿ ಕೂತಿದ್ದು ಓಡಿಹೋದ ಸರ್ಕಾರದ ಕಡೆಯವರೇ."

"ಒಂದ್ನಿಮಿಷ" ಎಂದ ರಘು. "ಅವರಿಗೆ ಸಂಬಳ ಯಾರು ಕೊಡ್ತಾರೆ?"